ತಾಯಿಯ ಹೆಸರು ಸಾಕು ಎನ್ನಿ: ಸ್ಯಾನ್ ಫರ್ನಾಂಡೊದ ಗಿರ್ಮಿಟಿಯಾ ಕುಟುಂಬಗಳ ಪರವಾಗಿ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗೃಹ ಸಚಿವರು ಮತ್ತು ಮಾನ್ಯ ವಿದೇಶಾಂಗ ಸಚಿವರು,
ಭಾರತ ಸರ್ಕಾರ, ನವದೆಹಲಿ

ಪ್ರತಿ: ಟ್ರಿನಿಡಾಡ್ ಮತ್ತು ಟೊಬೇಗೊದಲ್ಲಿ ಹಳೆಯ ರಿಜಿಸ್ಟರುಗಳನ್ನು ಕಾಯುತ್ತಿರುವ ಎಲ್ಲ ಅಧಿಕಾರಿಗಳು ಮತ್ತು ಚರ್ಚ್ ಆಡಳಿತಗಳು

ವಿಷಯ: ಆರನೇ ತಲೆಮಾರಿನವರೆಗೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ನೀಡುವ ಘೋಷಣೆ ಮತ್ತು ಅದಕ್ಕೆ ಬೇಕಾದ ದಾಖಲೆಗಳ ಬಗ್ಗೆ

ಮಾನ್ಯರೇ,

2017ರ ಜನವರಿಯಲ್ಲಿ ಪ್ರವಾಸಿ ಭಾರತೀಯ ದಿವಸ್ ನಮ್ಮ ಬೆಂಗಳೂರಿನಲ್ಲಿ ನಡೆದಾಗ, ಗಿರ್ಮಿಟಿಯಾ, ಅಂದರೆ ಬ್ರಿಟಿಷರ ಕಾಲದಲ್ಲಿ ಕರಾರು ಕೂಲಿಗಳಾಗಿ ಹೊರದೇಶಗಳಿಗೆ ಹೋದವರ ಸಂತತಿಯವರಿಗೂ ಒಸಿಐ ಕಾರ್ಡ್ ಸಿಗುವಂತೆ ದಾಖಲೆಗಳ ನಿಯಮ ಬದಲಿಸುವ ಕೆಲಸ ಮಾರಿಷಸ್‌ನಿಂದ ಆರಂಭವಾಗಿದೆ, ಕೆರಿಬಿಯನ್ ದೇಶಗಳವರ ತೊಂದರೆಯನ್ನೂ ಪರಿಹರಿಸುತ್ತೇವೆ ಎಂದು ಪ್ರಧಾನಿಯವರು ವೇದಿಕೆಯಿಂದಲೇ ಹೇಳಿದ್ದರು. 2023ರ ಜೂನ್‌ನಲ್ಲಿ ರಾಷ್ಟ್ರಪತಿಯವರು ಸುರಿನಾಮ್‌ನಲ್ಲಿ ನಾಲ್ಕನೇ ತಲೆಮಾರಿನ ಮಿತಿಯನ್ನು ಆರಕ್ಕೆ ಏರಿಸುವುದಾಗಿ ಪ್ರಕಟಿಸಿದರು. 2024ರ ಮಾರ್ಚ್‌ನಲ್ಲಿ ಮಾರಿಷಸ್‌ನವರಿಗೆ ಏಳನೇ ತಲೆಮಾರಿನವರೆಗೆ ಅವಕಾಶ ಸಿಕ್ಕಿತು. 2025ರ ಜುಲೈನಲ್ಲಿ ಪ್ರಧಾನಿಯವರು ಟ್ರಿನಿಡಾಡ್‌ಗೆ ಹೋದಾಗ ಅಲ್ಲಿನವರಿಗೂ ಆರನೇ ತಲೆಮಾರಿನವರೆಗೆ ಕಾರ್ಡ್ ಕೊಡುವ ಮಾತು ಬಂತು.

ಈ ಮಾತುಗಳಿಗೆ ನಾವು ಕೃತಜ್ಞರು. ಆದರೆ ಆರು ತಲೆಮಾರು ಎನ್ನುವುದು ವೇದಿಕೆಯ ಮೇಲೆ ಒಂದು ಸಂಖ್ಯೆ. ದಾಖಲೆಯ ಕೋಣೆಯಲ್ಲಿ ಅದು ಒಂದಕ್ಕೊಂದು ಕೊಂಡಿ ಹಾಕಬೇಕಾದ ಐದಾರು ಜನನ ಪತ್ರಗಳು, ಅಷ್ಟೇ ಮದುವೆಗಳು, ಒಂದು ಹಡಗು, ಒಂದು ಸಂಖ್ಯೆ, ಒಂದು ಹಳ್ಳಿ. ಈ ಸರಪಳಿ ಎಲ್ಲಿ ಕಡಿಯುತ್ತದೆ, ಏಕೆ ಕಡಿಯುತ್ತದೆ ಎಂಬುದನ್ನು ಟ್ರಿನಿಡಾಡ್‌ನ ದಕ್ಷಿಣದ ಪಟ್ಟಣ ಸ್ಯಾನ್ ಫರ್ನಾಂಡೊದ ದಾಖಲೆಗಳನ್ನೇ ಮುಂದಿಟ್ಟುಕೊಂಡು ತಮ್ಮ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಸ್ಯಾನ್ ಫರ್ನಾಂಡೊವನ್ನೇ ಆರಿಸಿಕೊಳ್ಳಲು ಕಾರಣವಿದೆ. 1845ರ ಮೇ 30ರಂದು ಫತೇಲ್ ರಝಾಕ್ ಹಡಗು ಬಂದಂದಿನಿಂದ 1917ರಲ್ಲಿ ವಲಸೆ ನಿಲ್ಲುವವರೆಗೆ ಸುಮಾರು 1 ಲಕ್ಷ 44 ಸಾವಿರ ಭಾರತೀಯರು ಕರಾರು ಕೂಲಿಗಳಾಗಿ ಟ್ರಿನಿಡಾಡ್‌ಗೆ ಹೋದರು. ಅವರಲ್ಲಿ ದೊಡ್ಡ ಪಾಲು ಜನ ದುಡಿದದ್ದು ಈ ಪಟ್ಟಣದ ಸುತ್ತಲಿನ ನಪರಿಮ ಸೀಮೆಯ ಕಬ್ಬಿನ ಎಸ್ಟೇಟುಗಳಲ್ಲಿ: ಪಾಮಿಸ್ಟ್, ಯೂನಿಯನ್ ಹಾಲ್, ಪಿಕ್ಟನ್, ಕೊರಿಂತ್, ಗೋಲ್ಕೊಂಡ, ಟರೂಬಾ. ಕರಾರು ಮುಗಿದ ಮೇಲೆ ನೆಲೆ ನಿಂತದ್ದೂ ಹೆಚ್ಚಾಗಿ ಇಲ್ಲೇ. ಆದರೆ ಅವರ ಕಾಗದಗಳು ಒಂದೇ ಕಡೆ ಇಲ್ಲ. ವಲಸೆ ರಿಜಿಸ್ಟರುಗಳು ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ರಾಷ್ಟ್ರೀಯ ದಾಖಲಾಗಾರದಲ್ಲಿವೆ. ಜನನ ಮರಣದ ದಾಖಲೆ ರಿಜಿಸ್ಟ್ರಾರ್ ಜನರಲ್ ಇಲಾಖೆಯಲ್ಲಿ. ದೀಕ್ಷಾಸ್ನಾನದ ಪುಸ್ತಕಗಳು ಆಯಾ ಚರ್ಚುಗಳಲ್ಲಿ. ಜಮೀನಿನ ಪತ್ರಗಳು ಮತ್ತೊಂದು ಕಡೆ. ಒಂದು ಕುಟುಂಬದ ಕಥೆ ಕೂಡಿಸಲು ನಾಲ್ಕು ಬಾಗಿಲು ತಟ್ಟಬೇಕು, ಮತ್ತು ನಾಲ್ಕೂ ಕಡೆ ಆ ಕುಟುಂಬದ ಹೆಸರು ಬೇರೆ ಬೇರೆ ಕಾಗುಣಿತದಲ್ಲಿರುತ್ತದೆ.

ಮೊದಲು ಎಲ್ಲಕ್ಕಿಂತ ದೊಡ್ಡ ತೊಡಕನ್ನು ಹೇಳುತ್ತೇವೆ, ಏಕೆಂದರೆ ಉಳಿದವೆಲ್ಲ ಅದಕ್ಕೆ ಹೆಣೆದುಕೊಂಡಿವೆ. ಟ್ರಿನಿಡಾಡ್‌ನಲ್ಲಿ ಹಿಂದೂ ವಿವಾಹಕ್ಕೆ ಕಾನೂನಿನ ಪೂರ್ಣ ಮಾನ್ಯತೆ ಸಿಕ್ಕಿದ್ದು 1945ರ ಹಿಂದೂ ವಿವಾಹ ಕಾನೂನಿನಿಂದ. ಮುಸ್ಲಿಂ ವಿವಾಹಗಳಿಗೆ ಸಿಕ್ಕಿದ್ದು 1930ರ ದಶಕದ ನಡುವೆ. ಅದಕ್ಕೆ ಮೊದಲು, 1881ರ ಸುಗ್ರೀವಾಜ್ಞೆಯ ಪ್ರಕಾರ ವಲಸಿಗರು ತಮ್ಮ ಮದುವೆಯನ್ನು ಅಧಿಕಾರಿಯ ಮುಂದೆ ನೋಂದಾಯಿಸಬಹುದಿತ್ತು, ನಿಜ. ಆದರೆ ಬಿದಿರಿನ ಚಪ್ಪರದಡಿ ಪಂಡಿತರ ಮುಂದೆ, ಊರವರ ಮುಂದೆ ಅಗ್ನಿ ಸುತ್ತಿದವರಿಗೆ ಮತ್ತೆ ಕಚೇರಿಗೆ ಹೋಗಿ ಮದುವೆ ಸಾಬೀತು ಮಾಡುವ ಅಗತ್ಯ ಕಾಣಲಿಲ್ಲ. ಬಹುಪಾಲು ಜನ ಹೋಗಲಿಲ್ಲ. ಪರಿಣಾಮವಾಗಿ ಆ ದಂಪತಿಗಳಿಗೆ ಹುಟ್ಟಿದ ಮಕ್ಕಳು ಸರ್ಕಾರಿ ಪುಸ್ತಕದಲ್ಲಿ ವಿವಾಹಬಾಹಿರ ಮಕ್ಕಳೆಂದೇ ದಾಖಲಾದರು. ಹಾಗೆ ದಾಖಲಾದ ಮಗುವಿನ ಸಾಲಿನಲ್ಲಿ ತಂದೆಯ ಕಾಲಂ ಖಾಲಿ ಇರುತ್ತದೆ. ಅಥವಾ ಅಲ್ಲಿ ಒಂದು ಅಡ್ಡ ಗೆರೆ ಎಳೆದಿರುತ್ತದೆ.

ಮಾನ್ಯರೇ, ಆ ಅಡ್ಡ ಗೆರೆ ತಂದೆ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ತಂದೆ ಅದೇ ಬ್ಯಾರಕ್ಕಿನಲ್ಲಿದ್ದ, ಅದೇ ಕಬ್ಬಿನ ಗದ್ದೆಯಲ್ಲಿದ್ದ. ಅವನನ್ನು ಬರೆಯಲು ಕಾನೂನು ಒಪ್ಪಲಿಲ್ಲ, ಅಷ್ಟೇ. ಇವತ್ತು ನಮ್ಮ ಸರ್ಕಾರದ ಯಾವುದೇ ಕಚೇರಿ ಅದೇ ಕುಟುಂಬದ ಮರಿಮಗಳ ಮುಂದೆ ‘ನಿಮ್ಮ ಮುತ್ತಜ್ಜಿಯ ವಿವಾಹ ಪ್ರಮಾಣಪತ್ರ ತನ್ನಿ’ ಎಂದರೆ, ವಸಾಹತು ಸರ್ಕಾರ ಅಂದು ಮಾಡಿದ ಅವಮಾನವನ್ನು ನಾವು ಎರಡನೇ ಸಲ ಮಾಡಿದಂತೆ.

ಇದರಲ್ಲೇ ಒಂದು ದಾರಿಯೂ ಇದೆ. ತಂದೆಯನ್ನು ಅಳಿಸಿದ ಅದೇ ಕಾನೂನು ತಾಯಿಯ ಹೆಸರನ್ನು ಬಿಡದೆ ಬರೆಯಿತು. ಜನನದ ಸಾಲಿನಲ್ಲಿ ತಾಯಿಯ ಹೆಸರಿದೆ, ಅವಳ ಎಸ್ಟೇಟಿನ ಹೆಸರಿದೆ. ಹಲವು ಸಾಲುಗಳಲ್ಲಿ ಅವಳು ಬಂದ ಹಡಗಿನ ಹೆಸರು ಮತ್ತು ವಲಸಿಗಳಾಗಿ ಅವಳಿಗೆ ಕೊಟ್ಟ ಸಂಖ್ಯೆಯೂ ಇದೆ. ಆ ಸಂಖ್ಯೆ ಹಿಡಿದು ವಲಸೆ ರಿಜಿಸ್ಟರಿಗೆ ಹೋದರೆ ಅವಳ ವಯಸ್ಸು, ಎತ್ತರ, ಮೈಮೇಲಿನ ಗುರುತು, ಎಸ್ಟೇಟು ಸಿಗುತ್ತವೆ. ಹಡಗು ಹತ್ತುವಾಗ ಕೊಟ್ಟ ಗುರುತಿನ ಚೀಟಿಯಾದ ವಲಸೆ ಪಾಸು ಉಳಿದಿದ್ದರೆ ಅವಳ ತಂದೆಯ ಹೆಸರು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ ಎಲ್ಲವೂ ಒಂದೇ ಹಾಳೆಯಲ್ಲಿರುತ್ತವೆ. ನಮ್ಮ ಪೌರತ್ವ ಕಾಯ್ದೆಯ 7ಎ ಕಲಂ ಮಗು, ಮೊಮ್ಮಗು, ಮರಿಮಗು ಎನ್ನುತ್ತದೆಯೇ ಹೊರತು ಗಂಡು ಸಂತತಿ ಎನ್ನುವುದಿಲ್ಲ. ಹಾಗಾಗಿ ತಾಯಿಯ ಕಡೆಯ ಸರಪಳಿಯೊಂದನ್ನೇ, ವಿವಾಹ ಪತ್ರ ಕೇಳದೆ, ಪೂರ್ಣ ಪುರಾವೆಯೆಂದು ಒಪ್ಪಿಕೊಳ್ಳಿ ಎಂದು ಸ್ಪಷ್ಟ ಆದೇಶ ಹೊರಡಿಸಿ. ಇದು ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ.

ಇನ್ನು ಹೆಸರುಗಳ ಮಾತು. ಅಡ್ಡಹೆಸರಿಲ್ಲದೆ ತಂದೆಯ ಹೆಸರಿನ ಮೊದಲಕ್ಷರ ಹಾಕಿಕೊಳ್ಳುವ ನಮ್ಮ ದಕ್ಷಿಣದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಲಸೆ ಹೋದವರಿಗೆ ಸಾಮಾನ್ಯವಾಗಿ ಒಂದೇ ಹೆಸರು. ಸುಖದೇವ್ ಎಂಬಾತ ಬಂದ, ಅವನ ಮಗ ರಾಮ್‌ಚರಣ್ ಶಾಲೆಗೆ ಸೇರುವಾಗ ರಾಮ್‌ಚರಣ್ ಸುಖದೇವ್ ಆದ, ಅವನ ಮಕ್ಕಳಲ್ಲಿ ಒಬ್ಬ ಸುಖದೇವ್ ಎಂದು ಮುಂದುವರಿದ, ಇನ್ನೊಬ್ಬ ರಾಮ್‌ಚರಣ್ ಎಂದು. ಒಡಹುಟ್ಟಿದವರಿಗೆ ಎರಡು ಅಡ್ಡಹೆಸರು! ಕೆನಡಾದ ಪ್ರೆಸ್ಬಿಟೇರಿಯನ್ ಮಿಷನ್ 1868ರಲ್ಲಿ ಈ ಸೀಮೆಗೆ ಬಂದು ಶಾಲೆಗಳನ್ನು ತೆರೆಯಿತು, 1870ರ ದಶಕದ ಆರಂಭದಲ್ಲಿ ಪಟ್ಟಣದಲ್ಲೇ ಸುಸಮಾಚಾರ್ ಚರ್ಚ್ ಎದ್ದಿತು. ಅಲ್ಲಿ ದೀಕ್ಷೆ ಪಡೆದವರಿಗೆ ಜಾನ್, ಜೋಸೆಫ್ ಎಂಬ ಮೂರನೆಯ ಹೆಸರೂ ಸೇರಿತು. ಮದರಾಸಿನಿಂದ ಹೋದವರ ಹೆಸರುಗಳಂತೂ, ಮುನಿಸ್ವಾಮಿ ಮೂನ್‌ಸ್ಯಾಮಿ ಆಗಿ, ಮುತ್ತು ಮೂಟೂ ಆಗಿ, ತಮಿಳು ತೆಲುಗು ಬಾರದ ಗುಮಾಸ್ತರ ಕಿವಿಗೆ ಬಿದ್ದ ಹಾಗೆ ಬರಹವಾಗಿವೆ. ಜೊತೆಗೆ ಎಷ್ಟೋ ಜನನಗಳು ಹೆಸರೇ ಇಲ್ಲದೆ ನೋಂದಣಿಯಾಗಿವೆ. ಗಂಡೋ ಹೆಣ್ಣೋ ಎಂಬುದಷ್ಟೇ ಇದೆ, ಹೆಸರಿನ ಜಾಗ ಖಾಲಿ. ನಾಮಕರಣಕ್ಕೆ ಮೊದಲೇ ಯಾರೋ ಹೋಗಿ ಜನನ ಬರೆಸಿದ್ದಾರೆ, ಆಮೇಲೆ ಹೆಸರು ಸೇರಿಸಲು ಯಾರೂ ಹೋಗಿಲ್ಲ.

ಹೀಗಿರುವಾಗ ‘ಅರ್ಜಿಯಲ್ಲಿರುವ ಹೆಸರೂ ದಾಖಲೆಯಲ್ಲಿರುವ ಹೆಸರೂ ಅಕ್ಷರಶಃ ಹೊಂದುತ್ತಿಲ್ಲ’ ಎಂದು ಅರ್ಜಿ ತಿರಸ್ಕರಿಸಿದರೆ ಅರ್ಹರಲ್ಲಿ ಹೆಚ್ಚಿನವರು ಹೊರಗುಳಿಯುತ್ತಾರೆ. ಈ ದಾಖಲೆಗಳಲ್ಲಿ ಗುರುತು ಹಿಡಿಯುವುದು ಹೆಸರಿನಿಂದಲ್ಲ, ಮೂರು ಸಂಗತಿಗಳು ಕೂಡಿದಾಗ: ಹಡಗಿನ ಹೆಸರು, ಅದು ಬಂದ ವರ್ಷ, ವಲಸಿಗರ ಸಂಖ್ಯೆ. ವರ್ಷ ಬೇಕೇ ಬೇಕು, ಏಕೆಂದರೆ ಒಂದೇ ಹಡಗು ಹಲವು ಸಲ ಬಂದಿದೆ. ಗ್ಯಾಂಜಿಸ್ ಎಂಬ ಹೆಸರಿನವೇ ಎರಡು ಹಡಗುಗಳಿದ್ದವು, ಅವುಗಳಲ್ಲಿ ಎರಡನೆಯದೇ 1917ರಲ್ಲಿ ಕೊನೆಯ ಕೂಲಿಗಳನ್ನು ತಂದದ್ದು. ವಯಸ್ಸನ್ನು ನಂಬಿ ಕೂರಬಾರದು. ಹಡಗು ಹತ್ತುವ ಮೊದಲು ಕೂಲಿಗಳನ್ನು ಇರಿಸುತ್ತಿದ್ದ ಡಿಪೋದಲ್ಲಿ ಮುಖ ನೋಡಿ ಬರೆದ ವಯಸ್ಸಿಗೂ ಮರಣ ಪತ್ರದಲ್ಲಿ ಮಕ್ಕಳು ಹೇಳಿದ ವಯಸ್ಸಿಗೂ ಐದು ಹತ್ತು ವರ್ಷ ವ್ಯತ್ಯಾಸ ಬರುವುದು ಸಾಮಾನ್ಯ. ಊರಿಗೆ ಮರಳಿ, ಮತ್ತೆ ಕರಾರು ಮಾಡಿಕೊಂಡು ಬಂದವರೂ ಇದ್ದಾರೆ. ಅವರಿಗೆ ಎರಡು ಸಂಖ್ಯೆ, ಎರಡು ಹಡಗು. ಇದು ಮೋಸವಲ್ಲ ಎಂಬುದು ಅರ್ಜಿ ನೋಡುವ ಅಧಿಕಾರಿಗೆ ಗೊತ್ತಿರಬೇಕು.

ಇಲ್ಲಿ ರಿಜಿಸ್ಟರು ಕಾಯುವ ಟ್ರಿನಿಡಾಡ್‌ನ ಅಧಿಕಾರಿಗಳಿಗೂ ಒಂದು ವಿನಂತಿ. ಅರ್ಜಿದಾರರ ಕೈಗೆ ಬರುವ ಟೈಪು ಮಾಡಿದ ಅಥವಾ ಕಂಪ್ಯೂಟರ್ ಪ್ರತಿ ಚೊಕ್ಕಟವಾಗಿರುತ್ತದೆ, ಆದರೆ ಸಂಶೋಧಕರಿಗೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ. ನಮಗೆ ಬೇಕಾದದ್ದು ಮೂಲ ಪುಟದ ಅಂಚಿನಲ್ಲಿದೆ, ಷರಾ ಕಾಲಂನಲ್ಲಿದೆ. ‘ಇಂಥ ಹಡಗು, ಇಂಥ ಸಂಖ್ಯೆ’ ಎಂದು ಪೆನ್ಸಿಲಿನಲ್ಲಿ ಗೀಚಿದ ಸಾಲು, ನಂತರ ಸೇರಿಸಿದ ಹೆಸರು, ಜನನ ಬರೆಸಲು ಬಂದವರು ಯಾರು, ಅವರು ಹೆಬ್ಬೆಟ್ಟಿನ ಬದಲು ಹಾಕಿದ ಕತ್ತರಿ ಗುರುತು, ಅವರ ಮನೆ ಯಾವ ಎಸ್ಟೇಟಿನಲ್ಲಿತ್ತು. ಜನನ ಬರೆಸಿದ ಅಜ್ಜಿಯ ಹೆಸರೊಂದರಿಂದಲೇ ಒಂದು ತಲೆಮಾರು ಹಿಂದಕ್ಕೆ ಹೋಗಬಹುದು. ಆದ್ದರಿಂದ ಕೇಳಿದವರಿಗೆ ಇಡೀ ಪುಟದ ದೃಢೀಕೃತ ಚಿತ್ರವನ್ನೇ, ಎಡಬಲದ ಅಂಚು ಕತ್ತರಿಸದೆ ಕೊಡಿ. ಇನ್ನೊಂದು: ಹುಡುಕಿ ಸಿಗದಿದ್ದಾಗ ‘ದಾಖಲೆ ಲಭ್ಯವಿಲ್ಲ’ ಎಂದಷ್ಟೇ ಬರೆಯಬೇಡಿ. ಯಾವ ವರ್ಷಗಳ, ಯಾವ ವಾರ್ಡಿನ (ಆಡಳಿತ ವಿಭಾಗದ), ಯಾವ ಕಾಗುಣಿತಗಳ ಅಡಿ ಹುಡುಕಿದಿರಿ, ಆ ವರ್ಷದ ಸಂಪುಟ ಇದೆಯೋ ಇಲ್ಲವೋ ಎಂದು ಬರೆದುಕೊಡಿ. ಸಂಪುಟವೇ ನಾಶವಾಗಿದೆ ಎಂಬ ಮಾತಿಗೂ ಸಂಪುಟದಲ್ಲಿ ಹೆಸರಿಲ್ಲ ಎಂಬ ಮಾತಿಗೂ ಭೂಮಿ ಆಕಾಶದ ಅಂತರವಿದೆ, ಮತ್ತು ಮೊದಲನೆಯದಕ್ಕೆ ಅರ್ಜಿದಾರರು ಹೊಣೆಯಲ್ಲ.

ಹುಡುಕುವ ಜಾಗದ ಹೆಸರೂ ಬದಲಾಗಿದೆ. ಇಂದಿನ ಪ್ರಿನ್ಸಸ್ ಟೌನ್ 1880ರ ಬ್ರಿಟಿಷ್ ರಾಜಕುಮಾರರ ಭೇಟಿಗೆ ಮೊದಲು ಮಿಷನ್ ಎಂದು ಕರೆಸಿಕೊಳ್ಳುತ್ತಿತ್ತು, ವಾರ್ಡಿನ ಹೆಸರು ಸವಾನ ಗ್ರಾಂಡೆ. ಸ್ಯಾನ್ ಫರ್ನಾಂಡೊದಲ್ಲಿ ಹುಟ್ಟಿದವರು ಎಂದು ಮನೆಯವರು ಹೇಳುವ ಅಜ್ಜನ ಜನನ, ಎಸ್ಟೇಟು ಪಟ್ಟಣದ ಗಡಿಯಾಚೆ ಇದ್ದ ಕಾರಣ, ನಪರಿಮ ವಾರ್ಡಿನ ಪುಸ್ತಕದಲ್ಲಿರುತ್ತದೆ. ಎಸ್ಟೇಟಿನ ಹೆಸರಿನಿಂದ ನೋಂದಣಿ ವಾರ್ಡಿಗೆ ಹೋಗುವ ಒಂದು ಪಟ್ಟಿಯನ್ನು ಸಿದ್ಧಪಡಿಸಿ ಪ್ರಕಟಿಸಿದರೆ, ಕೌಂಟರಿನಲ್ಲಿ ನಿಂತು ಬರಿಗೈಯಲ್ಲಿ ಮರಳುವ ಎಷ್ಟೋ ಜನರ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ.

ಈ ಸರಪಳಿಗೆ ಟ್ರಿನಿಡಾಡ್‌ನ ತುದಿ ಮಾತ್ರವಲ್ಲ, ಭಾರತದ ತುದಿಯೂ ಇದೆ, ಮತ್ತು ಅದು ಅಷ್ಟೇ ಜಟಿಲ. ಪಾಸಿನಲ್ಲಿ ಶಾಹಾಬಾದ್ ಜಿಲ್ಲೆ ಎಂದಿರುತ್ತದೆ. ಆ ಜಿಲ್ಲೆ 1972ರಲ್ಲಿ ಭೋಜ್‌ಪುರ, ರೋಹ್ತಾಸ್ ಎಂದು ಒಡೆಯಿತು, ಮುಂದೆ ಅವುಗಳಿಂದ ಬಕ್ಸರ್, ಕೈಮೂರ್ ಬೇರೆಯಾದವು. ಗೋರಖ್‌ಪುರದಿಂದ 1946ರಲ್ಲಿ ದೇವರಿಯಾ, 1989ರಲ್ಲಿ ಮಹಾರಾಜ್‌ಗಂಜ್ ಹೊರಬಂದವು. ಬಸ್ತಿಯೂ ಹೀಗೇ ಹೋಳಾಗಿದೆ. ಮದರಾಸ್ ಕಡೆಯ ಉತ್ತರ ಆರ್ಕಾಟ್ ಎಂಬ ಹೆಸರು ಇಂದಿನ ನಕ್ಷೆಯಲ್ಲಿ ಹುಡುಕಿದರೆ ಸಿಗದು. ಇಂಗ್ಲಿಷ್ ಕಾಗುಣಿತದಲ್ಲಿ ಬರೆದ ಹಳ್ಳಿಯ ಹೆಸರಿಗೆ ಹೊಂದುವ ಊರುಗಳು ಒಂದೇ ಜಿಲ್ಲೆಯಲ್ಲಿ ಹತ್ತಾರು ಇರುತ್ತವೆ. ಅಲ್ಲಿ ಕೈಹಿಡಿಯುವುದು ಠಾಣೆ ಮತ್ತು ಪರಗಣ, ಅಂದರೆ ಹಳೆಯ ಕಂದಾಯ ವಿಭಾಗ. ಟ್ರಿನಿಡಾಡ್‌ನ ಪ್ರಧಾನಿಯವರ ಪೂರ್ವಜರ ಊರು ಬಕ್ಸರ್ ಜಿಲ್ಲೆಯ ಭೇಲುಪುರ ಎಂದು ಪತ್ತೆಯಾಗಿ, ಅವರು 2012ರಲ್ಲಿ ಅಲ್ಲಿಗೆ ಹೋಗಿ ಬಂದದ್ದನ್ನು ದೇಶವೇ ನೋಡಿತು. ಸರ್ಕಾರ ಮನಸ್ಸು ಮಾಡಿದರೆ ಊರು ಸಿಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಸ್ಯಾನ್ ಫರ್ನಾಂಡೊದ ಟ್ಯಾಕ್ಸಿ ಚಾಲಕರಿಗೂ ಶಾಲಾ ಶಿಕ್ಷಕಿಗೂ ಅದೇ ನೆರವು ಸಿಗಬೇಕು ಎಂಬುದು ನಮ್ಮ ಆಗ್ರಹ. ಇದಕ್ಕೆ ಪ್ರತಿ ವಲಸೆ ಜಿಲ್ಲೆಯಲ್ಲೂ ಹಳೆಯ ಠಾಣೆ, ಹಳ್ಳಿ ಹೆಸರುಗಳನ್ನು ಇಂದಿನ ಕಂದಾಯ ಗ್ರಾಮಗಳಿಗೆ ಹೊಂದಿಸಿಕೊಡುವ ಒಬ್ಬ ಜವಾಬ್ದಾರಿಯುತ ಅಧಿಕಾರಿ ಸಾಕು. ಊರು ಪತ್ತೆಯಾಗದೆ ಜಿಲ್ಲೆ ಮಾತ್ರ ಖಚಿತವಾದರೂ ಭಾರತೀಯ ಮೂಲ ಸಾಬೀತಾಯಿತೆಂದೇ ಪರಿಗಣಿಸಬೇಕು.

ತಲೆಮಾರಿನ ಎಣಿಕೆಯನ್ನೂ ಖಚಿತಪಡಿಸಿ. 1870ರಲ್ಲಿ ಬಂದವರನ್ನೇ ಮೊದಲನೆಯವರೆಂದು ಎಣಿಸಿ, ತಲೆಮಾರಿಗೆ 25 ವರ್ಷ ಹಿಡಿದರೆ, 1995ರ ಸುಮಾರಿಗೆ ಹುಟ್ಟಿದವರು ಆರನೆಯವರು, ಅವರ ಮಕ್ಕಳು ಹೊರಗೆ. ಅಲ್ಲಿ ಹುಟ್ಟಿದ ಮಗುವಿನಿಂದ ಎಣಿಸಿದರೆ ಆ ಮಕ್ಕಳೂ ಒಳಗೆ. ಒಂದೇ ಪದದ ವ್ಯಾಖ್ಯಾನದಲ್ಲಿ ಒಂದಿಡೀ ಪೀಳಿಗೆಯ ಹಕ್ಕು ಅಡಗಿದೆ. 1845ರ ಹಡಗಿನವರ ಸಂತತಿಯಲ್ಲಿ ಇಂದು ಹುಟ್ಟುವ ಮಕ್ಕಳಿಗಂತೂ ಆರು ಯಾವ ಲೆಕ್ಕದಲ್ಲೂ ಸಾಲದು. ಆದರೆ ಒಬ್ಬ ವ್ಯಕ್ತಿಗೆ ಹತ್ತಾರು ಪೂರ್ವಜರ ದಾರಿಗಳಿರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ತಡವಾಗಿ, ಅಂದರೆ 1900ರ ನಂತರ ಬಂದವರ ದಾರಿ ಹಿಡಿದರೆ ನಾಲ್ಕೈದು ತಲೆಮಾರಿಗೇ ಮುಗಿಯುತ್ತದೆ. ಯಾವ ದಾರಿಯಿಂದ ಬೇಕಾದರೂ ಪುರಾವೆ ಕೊಡಬಹುದು, ಒಂದು ದಾರಿ ಸಾಕು ಎಂಬ ಮಾತು ನಿಯಮದಲ್ಲೇ ಬರೆದಿರಲಿ. ಸಾಧ್ಯವಾದರೆ ಮಾರಿಷಸ್‌ಗೆ ಕೊಟ್ಟ ಏಳನ್ನೇ ಇಲ್ಲಿಗೂ ಕೊಡಿ. ಎರಡೂ ದೇಶಗಳಿಗೆ ಹೋದವರಲ್ಲಿ ಹೆಚ್ಚಿನವರು ಅದೇ ಸೀಮೆಯಿಂದ, ಒಂದೇ ಕಲ್ಕತ್ತ ಬಂದರಿನಿಂದ ಹಡಗು ಹತ್ತಿದವರು.

ಕೊಂಡಿ ತಪ್ಪಿದ ಕಡೆ ಏನು ಮಾಡಬೇಕು? ನಮ್ಮ ನಾಡಕಚೇರಿಯಲ್ಲಿ ವಂಶವೃಕ್ಷ ಕೇಳಿದಾಗ ಪ್ರತಿ ತಲೆಮಾರಿಗೂ ಜನನ ಪತ್ರ ಕೇಳುವುದಿಲ್ಲ. ಊರಿನವರ ಹೇಳಿಕೆ ಪಡೆದು, ಮಹಜರು ಮಾಡಿ, ಗ್ರಾಮದ ಅಧಿಕಾರಿ ವರದಿ ಕೊಡುತ್ತಾರೆ. ಅದೇ ಪದ್ಧತಿಯನ್ನು ಸ್ಯಾನ್ ಫರ್ನಾಂಡೊಗೂ ಅನ್ವಯಿಸಬಹುದು. ಪ್ರಮಾಣಪತ್ರ ಇಲ್ಲದ ತಲೆಮಾರಿಗೆ ಈ ಪೈಕಿ ಯಾವುದಾದರೂ ಎರಡು ಒಂದನ್ನೊಂದು ಬೆಂಬಲಿಸಿದರೆ ಸಾಕು ಎನ್ನಿ: ಚರ್ಚಿನ ದೀಕ್ಷಾಸ್ನಾನದ ಸಾಲು, ಮಿಷನ್ ಶಾಲೆಯ ದಾಖಲಾತಿ ಪುಸ್ತಕ, ಮರಣ ಪತ್ರ, ಒಡಹುಟ್ಟಿದವರ ಜನನ ಪತ್ರ, ಮೃತ್ಯುಪತ್ರ, ಜಮೀನಿನ ಕ್ರಯಪತ್ರ. 1869ರ ನಂತರ ಸುಮಾರು ಒಂದು ದಶಕ ಕಾಲ ಊರಿಗೆ ಮರಳುವ ಹಡಗಿನ ಹಕ್ಕು ಬಿಟ್ಟುಕೊಟ್ಟವರಿಗೆ ಸರ್ಕಾರಿ ಜಮೀನು ಸಿಗುತ್ತಿತ್ತು. ಆ ಮಂಜೂರಾತಿ ಕಾಗದ ಮನೆಯ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ.

ಕೊನೆಯದಾಗಿ, ಈ ಪುಸ್ತಕಗಳ ಆಯುಷ್ಯದ ಮಾತು. 1903ರ ಮಾರ್ಚ್ 23ರಂದು ಪೋರ್ಟ್ ಆಫ್ ಸ್ಪೇನ್‌ನ ಸರ್ಕಾರಿ ಕಟ್ಟಡ ರೆಡ್ ಹೌಸ್ ಗಲಭೆಯಲ್ಲಿ ಸುಟ್ಟಾಗ ಸರ್ಕಾರಿ ಕಾಗದಪತ್ರಗಳೂ ಬೂದಿಯಾದವು. 2024ರ ಜೂನ್‌ನಲ್ಲಿ ನೆರೆಯ ಬಾರ್ಬಡೋಸ್‌ನ ದಾಖಲಾಗಾರದ ಒಂದು ಕಟ್ಟಡ ಬೆಂಕಿಗೆ ಆಹುತಿಯಾಯಿತು. ಕಬ್ಬಿಣದ ಅಂಶವಿರುವ ಹಳೆಯ ಶಾಯಿ ಕಾಗದವನ್ನೇ ತಿನ್ನುತ್ತದೆ, ಕಡಲ ತೇವ, ಗೆದ್ದಲು ಉಳಿದದ್ದನ್ನು ಮುಗಿಸುತ್ತವೆ. ಟ್ರಿನಿಡಾಡ್, ಗಯಾನ, ಸುರಿನಾಮ್, ಫಿಜಿಗಳ ಕರಾರು ಕೂಲಿ ದಾಖಲೆಗಳನ್ನು 2011ರಲ್ಲಿ ಯುನೆಸ್ಕೊ ತನ್ನ ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿಸಿದೆ. ಸುರಿನಾಮ್ ತನ್ನ 34 ಸಾವಿರಕ್ಕೂ ಹೆಚ್ಚು ವಲಸಿಗರ ಹೆಸರು, ಹಡಗು, ಊರುಗಳನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಹುಡುಕುವಂತೆ ಮಾಡಿದೆ. ಟ್ರಿನಿಡಾಡ್‌ನ ರಿಜಿಸ್ಟರುಗಳಿಗೂ ಇದೇ ಆಗಬೇಕು, ಮತ್ತು ಅದರ ಖರ್ಚಿನಲ್ಲಿ ಭಾರತ ಪಾಲು ಹೊರಬೇಕು. ಚಿತ್ರ ತೆಗೆಯುವಾಗ ಖಾಲಿ ಪುಟ, ರಟ್ಟು, ಅಂಚು ಏನನ್ನೂ ಬಿಡಬಾರದು. ಕನಿಷ್ಠ 300 ಡಿಪಿಐ ಬಣ್ಣದ ಚಿತ್ರವಿರಲಿ, ಏಕೆಂದರೆ ಕಪ್ಪುಬಿಳುಪಿನಲ್ಲಿ ಪೆನ್ಸಿಲಿನ ಷರಾ ಅಳಿಸಿದಂತೆ ಕಾಣುತ್ತದೆ. ಸೂಚಿಯನ್ನು ಹೆಸರಿನಿಂದ ಮಾತ್ರವಲ್ಲ, ಸಂಖ್ಯೆ, ಹಡಗು, ಎಸ್ಟೇಟು, ತಾಯಿಯ ಹೆಸರಿನಿಂದಲೂ ಕಟ್ಟಬೇಕು. ಎರಡು ಪ್ರತಿಗಳು ಎರಡು ದೇಶಗಳಲ್ಲಿರಲಿ.

ಹೀಗೆ ಚಿತ್ರ ತೆಗೆಯುವಾಗ ಆಫ್ರಿಕನ್ ಮೂಲದವರ ಪುಸ್ತಕಗಳನ್ನೂ ಅದೇ ಮೇಜಿನ ಮೇಲೆ ಇಡಬೇಕು ಎಂದು ಕೇಳಿಕೊಳ್ಳುತ್ತೇವೆ. ಅದೇ ಪಟ್ಟಣದ ಆ ಕುಟುಂಬಗಳಿಗೆ ವಲಸೆ ಪಾಸಿಲ್ಲ, ಹಳ್ಳಿಯ ಹೆಸರಿಲ್ಲ. ಅವರ ಹಿಂದಿನ ದಾರಿ ಹೆಚ್ಚೆಂದರೆ 1813ರ ಗುಲಾಮರ ರಿಜಿಸ್ಟರಿನವರೆಗೆ ಹೋಗುತ್ತದೆ, ಮತ್ತು ಚರ್ಚುಗಳ ಹಳೆಯ ಪುಸ್ತಕಗಳ ಫ್ರೆಂಚ್, ಸ್ಪ್ಯಾನಿಷ್ ಸಾಲುಗಳನ್ನು ಓದಿ ಹೇಳುವವರು ಅವರಿಗೂ ಬೇಕು. ಒಂದೇ ಕಬ್ಬಿನ ಗದ್ದೆಯಲ್ಲಿ ಮೊದಲು ದುಡಿದವರ ಪುಸ್ತಕ ಗೆದ್ದಲಿಗೆ ಬಿಟ್ಟು, ನಂತರ ಬಂದವರದನ್ನಷ್ಟೇ ಉಳಿಸುವುದು ನ್ಯಾಯವಲ್ಲ.

ಮುಂದಿನ ಅರ್ಜಿಗಳು ಮೇಜಿಗೆ ಬರುವ ಮೊದಲೇ ವಿವಾಹ ಪತ್ರ, ಹೆಸರಿನ ಕಾಗುಣಿತ, ತಲೆಮಾರಿನ ಎಣಿಕೆ ಈ ಮೂರರ ಬಗ್ಗೆ ಲಿಖಿತ ಸುತ್ತೋಲೆ ಹೊರಡಿಸಬೇಕೆಂದೂ, ಅದರ ಪ್ರತಿಯನ್ನು ಪೋರ್ಟ್ ಆಫ್ ಸ್ಪೇನ್‌ನಲ್ಲಿರುವ ನಮ್ಮ ಹೈಕಮಿಷನ್‌ನ ಸೂಚನಾ ಫಲಕದಲ್ಲಿ ಎಲ್ಲರೂ ಓದುವಂತೆ ಹಾಕಬೇಕೆಂದೂ ಕೋರುತ್ತೇವೆ. ತಮ್ಮ ಉತ್ತರವನ್ನು ಎದುರು ನೋಡುತ್ತೇವೆ.

ತಮ್ಮ ವಿಶ್ವಾಸಿಗಳು,
ವಲಸೆ ದಾಖಲೆಗಳ ಓದಿನಲ್ಲಿ ತೊಡಗಿರುವ ಕನ್ನಡಿಗರು
ಬೆಂಗಳೂರು